ಕಡಿಮೆ ಬಜೆಟ್‌ನಲ್ಲಿ ಕಂಪ್ಯೂಟರ್ ಜೋಡಿಸಿದ್ದು: ಎಲ್ಲಿ ಕೈ ಬಿಚ್ಚಿದೆ, ಎಲ್ಲಿ ಬಿಗಿ ಹಿಡಿದೆ

ಮನೆಯ ಹಳೆಯ ಕಂಪ್ಯೂಟರ್ ಕೆಟ್ಟಿರಲಿಲ್ಲ. ಇಂಟೆಲ್‌ನ 7ನೇ ಪೀಳಿಗೆಯ ಐ3 ಪ್ರೊಸೆಸರ್, ಅದರಲ್ಲಿ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್, ಎರಡೇ. ಬ್ರೌಸರ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದಿಟ್ಟು ಒಂದು ವಿಡಿಯೋ ಕತ್ತರಿಸಲು ಕೂತರೆ ಫ್ಯಾನ್ ಕಿರುಚಲು ಶುರು ಮಾಡುತ್ತಿತ್ತು, ಅಷ್ಟೇ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ 8ನೇ ಪೀಳಿಗೆ, ಅದರ ಎದುರಾಳಿ ಎಎಂಡಿಯಲ್ಲಿ ರೈಜನ್ 2000 ಸಾಲು, ಅಲ್ಲಿಂದ ಮೇಲಕ್ಕೇ ಅನುಮತಿ. ನನ್ನದು ಒಂದೇ ಒಂದು ಮೆಟ್ಟಿಲು ಕೆಳಗೆ ನಿಂತುಬಿಟ್ಟಿತ್ತು. ಲಿನಕ್ಸ್ ಹಾಕಿಕೊಂಡು ಇನ್ನೂ ಸ್ವಲ್ಪ ಕಾಲ ತಳ್ಳಬಹುದಿತ್ತು. ಬ್ರೌಸಿಂಗ್, ಟೈಪಿಂಗ್‌ಗೆ ಅದು ಧಾರಾಳವಾಗಿ ಸಾಕು. ಆದರೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ಎರಡು ಕೋರ್ ಎರಡೇ ಕೋರ್ ಅಲ್ವಾ?

ಹೊಸದು ಬೇಕು ಅಂತ ತೀರ್ಮಾನವಾದ ಮೇಲೆ ಮೊದಲು ಒಂದು ಹಾಳೆ ತೆಗೆದುಕೊಂಡೆ. ಈ ಕಂಪ್ಯೂಟರ್ ಮೇಲೆ ನಿಜವಾಗಿ ನಡೆಯುವ ಕೆಲಸ ಏನೇನು ಅಂತ ಬರೆದೆ. ಮುಂದೊಂದು ದಿನ ಮಾಡಬಹುದು ಅನ್ನುವಂಥದ್ದನ್ನು ಬರೆಯಲಿಲ್ಲ. ಹಾಗೆ ಬರೆಯಲು ಹೊರಟರೆ ತ್ರೀಡಿ ಅನಿಮೇಷನ್‌ನಿಂದ ಹಿಡಿದು ಎಲ್ಲವೂ ಪಟ್ಟಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಇರುವುದು ಮೂರೇ ಕೆಲಸ. ದಿನದ ಹೆಚ್ಚಿನ ಹೊತ್ತು ಟೈಪಿಂಗ್, ಲೆಕ್ಕಪತ್ರ, ಬ್ರೌಸಿಂಗ್. ಆಗಾಗ ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು. ರಜೆ ಬಂದರೆ ಮಗನ ಆಟ.

ನನ್ನ ಭಾಮೈದನಿಗೆ ಈ ವಿಷಯದಲ್ಲಿ ನನಗಿಂತ ಜಾಸ್ತಿ ಗೊತ್ತು. ಅವನು ಆಡುವವನು. ಹಾಳೆ ನೋಡಿದವನೇ ಕೇಳಿದ, ‘ಭಾವ, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಬರೆದೇ ಇಲ್ವಲ್ಲ?’

‘ಸದ್ಯಕ್ಕೆ ಕಾರ್ಡ್ ಇಲ್ಲ ಕಣೋ. ಆಮೇಲೆ ಹಾಕೋಣ ಅಂತಿದ್ದೀನಿ.’

‘ಕಾರ್ಡ್ ಮೊದಲು ಆರಿಸಿ, ಉಳಿದದ್ದನ್ನ ಅದರ ಸುತ್ತ ಕೂರಿಸಬೇಕು ಭಾವ. ಎಲ್ಲರೂ ಮಾಡೋದು ಹಾಗೇ.’

ಪರದೆಯ ಚಿತ್ರ ಮೂಡಿಸುವ ಭಾಗ ಈ ಕಾರ್ಡ್. ಆಟಕ್ಕೆಂದೇ ಕಟ್ಟುವವರಿಗೆ ಅವನ ಮಾತು ಸರಿ. ಅರ್ಧದಷ್ಟು ದುಡ್ಡು ಕಾರ್ಡ್‌ಗೇ ಹೋಗುವಾಗ ಅಲ್ಲಿಂದಲೇ ಶುರು ಮಾಡಬೇಕು. ನನ್ನ ಲೆಕ್ಕ ಬೇರೆ ಇತ್ತು. ಪ್ರತಿಯೊಂದು ಭಾಗದ ಮುಂದೆಯೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದನ್ನು ಎರಡು ವರ್ಷ ಬಿಟ್ಟು ಬದಲಾಯಿಸಬೇಕಾಗಿ ಬಂದರೆ ಎಷ್ಟು ತಲೆನೋವು? ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ) ಆದರೆ ಎರಡು ಕ್ಲಿಪ್ ಒತ್ತಿದರೆ ಮುಗಿಯಿತು. ಗ್ರಾಫಿಕ್ಸ್ ಕಾರ್ಡ್ ಆದರೆ ಎರಡು ಸ್ಕ್ರೂ, ಒಂದು ಕೇಬಲ್. ಅದೇ ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಹಲಗೆ) ಬದಲಾಯಿಸುವುದೆಂದರೆ ಇಡೀ ಕಂಪ್ಯೂಟರ್ ಬಿಚ್ಚಿ ಮತ್ತೆ ಕಟ್ಟಿದ ಹಾಗೆ. ಪವರ್ ಸಪ್ಲೈ ಬದಲಾಯಿಸುವುದು ಅಷ್ಟು ಕಷ್ಟವಲ್ಲ, ಆದರೆ ಅದು ಕೆಟ್ಟರೆ ಒಂದೇ ಹೋಗುವುದಿಲ್ಲ, ಪಕ್ಕದವರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಬೋರ್ಡ್, ಪವರ್ ಸಪ್ಲೈ ಎರಡಕ್ಕೆ ಕೈ ಬಿಚ್ಚುವುದು, ರ‍್ಯಾಮ್ ಮತ್ತು ಕಾರ್ಡ್‌ನಲ್ಲಿ ಬಿಗಿ ಹಿಡಿಯುವುದು ಅಂತ ಇಟ್ಟುಕೊಂಡೆ. ಬಜೆಟ್‌ನಲ್ಲಿ ಪ್ರೊಸೆಸರ್‌ಗೆ ಶೇಕಡಾ ಇಷ್ಟು, ಕಾರ್ಡ್‌ಗೆ ಇಷ್ಟು ಅಂತ ಭಾಗ ಹಾಕಿ ಕೊಡುವ ಪಟ್ಟಿಗಳು ನನಗೆ ಕೆಲಸಕ್ಕೆ ಬರಲಿಲ್ಲ. ಕೈಯಲ್ಲಿ ಈಗಾಗಲೇ ಏನಿದೆ ಅನ್ನುವುದು ಆ ಪಟ್ಟಿಗಳಿಗೆ ಗೊತ್ತಿರುವುದಿಲ್ಲ.

ನನ್ನ ಕೈಯಲ್ಲಿ ಏನಿತ್ತು? 1080ಪಿ ಮಾನಿಟರ್ ಚೆನ್ನಾಗಿಯೇ ಇತ್ತು. ಕೀಬೋರ್ಡ್, ಮೌಸ್, ಒಂದು ಟಿಬಿ ಹಾರ್ಡ್ ಡಿಸ್ಕ್. ಜೊತೆಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 2400 ವೇಗದವು. ಡಿಡಿಆರ್4 ಅನ್ನುವುದು ಅದರ ಪೀಳಿಗೆಯ ಹೆಸರು, ನಂತರದ್ದು ಡಿಡಿಆರ್5. ಬೇರೆ ಯಾವಾಗಲಾದರೂ ಆಗಿದ್ದರೆ ಈ ಹಳೆಯ ರ‍್ಯಾಮ್‌ಗೆ ನಾನು ಬೆಲೆ ಕೊಡುತ್ತಿರಲಿಲ್ಲ. ಆದರೆ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಕಂಡಾಪಟ್ಟೆ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿವೆ. ಚಿಪ್ ಮಾಡುವ ಕಂಪನಿಗಳು ತಮ್ಮ ಕಾರ್ಖಾನೆಗಳನ್ನು ಆ ಕಡೆಗೇ ತಿರುಗಿಸಿವೆ. ಮನೆ ಬಳಕೆಯವರಿಗೆ ಉಳಿಯುವುದು ಕಡಿಮೆ. ಹೀಗಿರುವಾಗ ಕೆಲಸ ಮಾಡುವ 16 ಜಿಬಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೊಸದು ಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಈ ಒಂದು ತೀರ್ಮಾನ ಉಳಿದ ಅರ್ಧ ತೀರ್ಮಾನಗಳನ್ನು ತಾನೇ ಮಾಡಿಬಿಟ್ಟಿತು. ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು. ಮುಂದಿನ ಪೀಳಿಗೆಯ ಪ್ರೊಸೆಸರ್‌ಗಳನ್ನೂ ಅದೇ ಬೋರ್ಡ್‌ಗೆ ಕೂರಿಸಬಹುದು ಅನ್ನುವುದು ಅದರ ದೊಡ್ಡ ಗುಣ. ಆದರೆ ಅದು ಡಿಡಿಆರ್5 ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಪಿನ್ ಸಂಖ್ಯೆ ಒಂದೇ, 288. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಳಗಿನ ವೋಲ್ಟೇಜ್ ವ್ಯವಸ್ಥೆಯೂ ಬೇರೆ. ಒಂದರ ಸ್ಲಾಟ್‌ಗೆ ಇನ್ನೊಂದು ಇಳಿಯುವುದೇ ಇಲ್ಲ. ಹಾಗಾಗಿ ಎಎಂ5 ಕೈಬಿಟ್ಟೆ. ಉಳಿದದ್ದು ಎರಡು ದಾರಿ. ಒಂದು ಎಎಂಡಿಯ ಹಳೆಯ ಎಎಂ4. ಇನ್ನೊಂದು ಇಂಟೆಲ್‌ನ ಎಲ್‌ಜಿಎ 1700. ಇದು 12, 13, 14ನೇ ಪೀಳಿಗೆಗಳ ಸಾಕೆಟ್. ಇದರಲ್ಲಿ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಹೆಸರು ಬಹುತೇಕ ಒಂದೇ ಇರುತ್ತದೆ, ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಅಂತ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು.

ಎಎಂ4ನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, ಅಂದರೆ ಒಟ್ಟಿಗೆ ಹನ್ನೆರಡು ಕೆಲಸದ ಎಳೆ. ಹೆಸರಿನ ಕೊನೆಯ ‘ಜಿ’ ಅಂದರೆ ಗ್ರಾಫಿಕ್ಸ್ ಒಳಗೇ ಇದೆ ಅಂತ. ಅದೇ ‘ಜಿ’ ಇಲ್ಲದ 5600 ಕೊಂಡರೆ ಕಾರ್ಡ್ ಹಾಕುವ ತನಕ ಮಾನಿಟರ್‌ನಲ್ಲಿ ಏನೂ ಕಾಣುವುದಿಲ್ಲ. ಇಂಟೆಲ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲಿ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ. 12400ಎಫ್ ಸ್ವಲ್ಪ ಅಗ್ಗ ಅಂತ ಕೊಂಡು ಕಾರ್ಡ್ ಇಲ್ಲದೆ ಕೂತವರನ್ನು ನೋಡಿದ್ದೇನೆ.

ಬರೀ ಆಟದ ದೃಷ್ಟಿಯಿಂದ ನೋಡಿದರೆ 5600ಜಿಯ ಒಳಗಿನ ಗ್ರಾಫಿಕ್ಸ್ ಇಂಟೆಲ್‌ನ ಐ5 12400ರಲ್ಲಿರುವ ಯುಎಚ್‌ಡಿ 730ಗಿಂತ ಚೆನ್ನಾಗಿದೆ. ಆದರೂ ನಾನು 12400 ಆರಿಸಿದೆ. ಕಾರಣ ಎರಡು. ಮೊದಲನೆಯದು ವಿಡಿಯೋ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅನ್ನುವ ಭಾಗ ಇದೆ. ಕುಗ್ಗಿಸಿಟ್ಟ ವಿಡಿಯೋ ಬಿಚ್ಚುವುದು, ಮತ್ತೆ ಕಟ್ಟುವುದು ಅದರ ಕೆಲಸ. ಫೋನ್‌ಗಳು ಈಗ ಹೆಚ್ಚಾಗಿ ಎಚ್‌ಇವಿಸಿ ಅನ್ನುವ ಕುಗ್ಗಿಸುವ ವಿಧಾನದಲ್ಲಿ ವಿಡಿಯೋ ಉಳಿಸುತ್ತವೆ. ಅದನ್ನು ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಎಳೆಯುವಾಗ ಈ ಭಾಗ ಇದ್ದರೆ ಪ್ರೊಸೆಸರ್‌ಗೆ ಹೊರೆಯೇ ಇಲ್ಲ. ಅಂಥದ್ದೇ ಇನ್ನೊಂದು ವಿಧಾನವಾದ ಎವಿ1ರ ವಿಡಿಯೋ ಬಿಚ್ಚುವುದೂ ಅದಕ್ಕೆ ಗೊತ್ತು, 5600ಜಿಗೆ ಗೊತ್ತಿಲ್ಲ. ಎರಡನೆಯ ಕಾರಣ ರ‍್ಯಾಮ್. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ, ಅದು ನಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಮೇಲಾಗಿ ರೈಜನ್‌ನಲ್ಲಿ ಪ್ರೊಸೆಸರ್ ಒಳಗಿನ ಸಂಪರ್ಕದ ವೇಗವೂ ರ‍್ಯಾಮ್ ವೇಗಕ್ಕೇ ಕಟ್ಟುಬಿದ್ದಿದೆ. ನನ್ನ 2400 ರ‍್ಯಾಮ್ ಹಾಕಿದರೆ 5600ಜಿಗೆ ಇರುವ ಒಂದೇ ಒಂದು ಹೆಚ್ಚುಗಾರಿಕೆಗೇ ಪೆಟ್ಟು ಬೀಳುತ್ತಿತ್ತು. ಇಷ್ಟು ಸಾಲದು ಅಂತ 5600ಜಿ, ಕಾರ್ಡ್ ಜೊತೆ ಮಾತಾಡುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ 3.0ಕ್ಕೇ ನಿಲ್ಲುತ್ತದೆ. ಮುಂದೆ ಅಗ್ಗದ ಕಾರ್ಡ್ ಹಾಕುವಾಗ ಇದು ತೊಡಕು. ಯಾಕೆ ಅಂತ ಕಾರ್ಡ್ ವಿಷಯ ಬಂದಾಗ ಹೇಳುತ್ತೇನೆ.

13 ಅಥವಾ 14ನೇ ಪೀಳಿಗೆಯದ್ದನ್ನೇ ಯಾಕೆ ಕೊಳ್ಳಲಿಲ್ಲ ಅಂತ ಭಾಮೈದ ಕೇಳಿದ. ಈ ಕೆಲಸಕ್ಕೆ 13400, 14400 ಕೊಡುವ ಹೆಚ್ಚುವರಿ ವೇಗ, ಅದಕ್ಕೆ ತೆರಬೇಕಾದ ಹೆಚ್ಚುವರಿ ದುಡ್ಡು ಎರಡಕ್ಕೂ ತಾಳೆ ಆಗಲಿಲ್ಲ. ಇನ್ನು ಆ ಪೀಳಿಗೆಗಳ ದೊಡ್ಡ ಪ್ರೊಸೆಸರ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಹೆಚ್ಚಿನ ವೋಲ್ಟೇಜ್‌ನಿಂದ ಅವು ಕಾಲಕ್ರಮೇಣ ಅಸ್ಥಿರವಾಗುತ್ತವೆ ಅಂತ 2024ರಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಿಹೋದದ್ದನ್ನು ಸರಿಮಾಡುವುದಿಲ್ಲ. 12ನೇ ಪೀಳಿಗೆಗೆ ಈ ಕಾಟ ಇಲ್ಲ.

ಬೋರ್ಡ್ ವಿಷಯಕ್ಕೆ ಬಂದರೆ, ಅತಿ ಅಗ್ಗದ್ದು ಎಚ್610 ಚಿಪ್‌ಸೆಟ್ (ಬೋರ್ಡ್‌ನ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್) ಇರುವುದು. ಪ್ರೊಸೆಸರ್ ಅದರಲ್ಲೂ ಅಷ್ಟೇ ವೇಗವಾಗಿ ಓಡುತ್ತದೆ ಅನ್ನುವುದು ನಿಜ. ಆದರೆ ರ‍್ಯಾಮ್‌ಗೆ ಎರಡೇ ಸ್ಲಾಟ್. ಬೋರ್ಡ್‌ಗೇ ಕೂರುವ ಎಂ.2 ಎಸ್‌ಎಸ್‌ಡಿಗೆ (ಚಿಪ್‌ನಲ್ಲಿ ಡೇಟಾ ಉಳಿಸುವ ಡಿಸ್ಕ್) ಹೆಚ್ಚಾಗಿ ಒಂದೇ ಜಾಗ, ಅದೂ 3.0 ವೇಗದ್ದು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಮೇಲೆ ಹಲವದರಲ್ಲಿ ಹೀಟ್‌ಸಿಂಕೇ ಇರುವುದಿಲ್ಲ. ಬೋಳು ಚಿಪ್‌ಗಳು. 12400ಕ್ಕೆ ಅದು ನಡೆದೀತು. ನಾಳೆ ದೊಡ್ಡ ಪ್ರೊಸೆಸರ್ ಹಾಕಿದರೆ ಬಿಸಿಗೆ ತಾಳದೆ ವೇಗ ಇಳಿಸಿಬಿಡುತ್ತದೆ. ಅದಕ್ಕಿಂತ ಮೇಲಿನ ಬಿ760ರಲ್ಲಿ ನಾಲ್ಕು ಸ್ಲಾಟ್ ಇರುವುದನ್ನು ಆರಿಸಿಕೊಂಡೆ. ಇದಕ್ಕಾಗಿ ಎಸ್‌ಎಸ್‌ಡಿಯ ದುಡ್ಡಿನಲ್ಲಿ ಸ್ವಲ್ಪ ಕಡಿತ ಮಾಡಬೇಕಾಯಿತು, ಮಾಡಿದೆ. ಝಡ್ ಚಿಪ್‌ಸೆಟ್ ಬೋರ್ಡ್‌ಗಳ ಕಡೆ ತಿರುಗಿಯೂ ನೋಡಲಿಲ್ಲ. ಅವುಗಳ ಮುಖ್ಯ ಗುಣ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವುದು, ಅಂದರೆ ನಿಗದಿಗಿಂತ ಜೋರಾಗಿ ಓಡಿಸುವುದು. 12400 ಓವರ್‌ಕ್ಲಾಕ್‌ಗೆ ಬಿಚ್ಚಿಟ್ಟ ಪ್ರೊಸೆಸರೇ ಅಲ್ಲ.

ಈಗ ಪವರ್ ಸಪ್ಲೈ. ಕಡಿಮೆ ಬಜೆಟ್ ಕಂಪ್ಯೂಟರ್‌ಗಳಲ್ಲಿ ಅತಿ ಹೆಚ್ಚು ಮೋಸ ನಡೆಯುವುದು ಇಲ್ಲೇ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ವ್ಯಾಟ್ ನಂಬಬಾರದು. ಡಬ್ಬ ತಿರುಗಿಸಿ ಪಕ್ಕದ ಸ್ಟಿಕರ್ ಓದಬೇಕು.

ನನ್ನ ಹಳೆಯದನ್ನೇ ಬಿಚ್ಚಿ ನೋಡಿದೆ. ಮೇಲೆ 450 ಅಂತ ಇದೆ. ಕೆಳಗೆ ಚಿಕ್ಕ ಅಕ್ಷರದ ಕೋಷ್ಟಕ. ಒಂದೊಂದು ಮನೆಯಲ್ಲಿ ಒಂದೊಂದು ವೋಲ್ಟೇಜ್, ಅದರ ಕೆಳಗೆ ಆಂಪಿಯರ್. 12 ವೋಲ್ಟ್ ಮನೆಯಲ್ಲಿ ಇದ್ದದ್ದು 18 ಆಂಪಿಯರ್. ಗುಣಿಸಿದರೆ 216 ವ್ಯಾಟ್. ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್‌ನಿಂದಲೇ. ಉಳಿದ ವ್ಯಾಟೆಲ್ಲ 3.3 ಮತ್ತು 5 ವೋಲ್ಟ್‌ಗೆ ಲೆಕ್ಕ ಬರೆದಿಟ್ಟಿದ್ದಾರೆ. ಅವನ್ನು ಇಟ್ಟುಕೊಂಡು ಏನು ಮಾಡುವುದು? ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಷ್ಟು ಹಗುರ. ಒಂದು ಒಳ್ಳೆಯ 550 ವ್ಯಾಟ್ ಸಪ್ಲೈಯ ಸ್ಟಿಕರ್‌ನಲ್ಲಿ 12 ವೋಲ್ಟ್ ಮನೆಯಲ್ಲಿ 45 ಆಂಪಿಯರ್ ಇರುತ್ತದೆ, ಅಂದರೆ 540 ವ್ಯಾಟ್. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಎಷ್ಟು ವ್ಯಾಟ್ ಬೇಕು ಅನ್ನುವುದಕ್ಕೆ ದೊಡ್ಡ ಗಣಿತ ಬೇಡ. 12400 ಪೂರ್ತಿ ಜೋರಿನಲ್ಲಿ 117 ವ್ಯಾಟ್ ತನಕ ಎಳೆಯಬಹುದು ಅಂತ ಇಂಟೆಲ್ ಹೇಳುತ್ತದೆ. ಆಮೇಲೆ ಹಾಕಬೇಕೆಂದಿದ್ದ ಕಾರ್ಡ್‌ಗೆ 130ರ ಆಸುಪಾಸು. ಬೋರ್ಡ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 50 ಹಿಡಿದರೆ 300 ಆಯಿತು. ಕಾರ್ಡ್‌ಗಳು ಕ್ಷಣಮಾತ್ರ ತಮ್ಮ ಲೆಕ್ಕಕ್ಕಿಂತ ಜಾಸ್ತಿ ಎಳೆಯುವುದುಂಟು, ಅದಕ್ಕೊಂದಿಷ್ಟು ಬಿಡುವು ಬೇಕು. 550 ವ್ಯಾಟ್ ಕೊಂಡೆ. 750 ಬೇಕೇ ಬೇಕು ಅಂತ ಮಾರುವವರು ಹೇಳಿದರು, ಅವರಿಗೆ ಅದು ಲಾಭ.

ಪವರ್ ಸಪ್ಲೈ ಮೇಲಿರುವ 80 ಪ್ಲಸ್ ಮುದ್ರೆಯ ಬಗ್ಗೆಯೂ ಒಂದು ಮಾತು. ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ, ಎಷ್ಟು ಗಟ್ಟಿ ಅನ್ನುವುದರ ಅಳತೆ ಅಲ್ಲ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಲೋಡ್ ಇದ್ದಾಗ ಬ್ರಾಂಜ್ ಅಂದರೆ ಶೇ. 85, ಗೋಲ್ಡ್ ಅಂದರೆ ಶೇ. 90 ದಕ್ಷತೆ. ಒಳಗೆ 200 ವ್ಯಾಟ್ ಬೇಕಾದರೆ ಬ್ರಾಂಜ್ ಗೋಡೆಯಿಂದ 235 ಎಳೆಯುತ್ತದೆ, ಗೋಲ್ಡ್ 222. ದಿನಕ್ಕೆ ನಾಲ್ಕು ಗಂಟೆ ಹಾಗೇ ಓಡಿಸಿದರೂ ವರ್ಷಕ್ಕೆ ಉಳಿಯುವುದು 19 ಯೂನಿಟ್. ಹಾಗಾಗಿ ಬ್ರಾಂಜ್ ಸಾಕು ಅಂದುಕೊಂಡೆ. ಉಳಿದ ದುಡ್ಡನ್ನು ಐದು ವರ್ಷದ ವಾರಂಟಿ ಇರುವ ಮಾಡೆಲ್‌ಗೆ ಹಾಕಿದೆ. ವಾರಂಟಿ ಉದ್ದ ಇದೆ ಅಂದರೆ ಮಾಡಿದವರಿಗೇ ತಮ್ಮ ಮಾಲಿನ ಮೇಲೆ ನಂಬಿಕೆ ಇದೆ ಅಂತ ಅರ್ಥ. ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್, ಅತಿ ಬಿಸಿ ಇವುಗಳಿಂದ ರಕ್ಷಣೆ ಇದೆಯೇ ಅಂತ ಕೈಪಿಡಿಯಲ್ಲಿ ನೋಡಿಕೊಂಡೆ. ಒಳ್ಳೆಯ ಹೆಸರಿನ ಕಂಪನಿಗಳೂ ಕೆಳಗಿನ ಸಾಲಿನಲ್ಲಿ ಸಾಧಾರಣ ಮಾಲು ಮಾರುತ್ತವೆ. ಆದ್ದರಿಂದ ಬ್ರ್ಯಾಂಡ್ ನೋಡಿ ಕೊಳ್ಳುವುದಲ್ಲ, ಮಾಡೆಲ್ ನೋಡಿ ಕೊಳ್ಳಬೇಕು.

ಎಸ್‌ಎಸ್‌ಡಿಯಲ್ಲಿ ತಲೆ ಜಾಸ್ತಿ ಕೆಡಿಸಿಕೊಳ್ಳಲಿಲ್ಲ. ಹಳೆಯ ಸಾಟಾ ದಾರಿಯ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ, ಪಿಸಿಐ ಎಕ್ಸ್‌ಪ್ರೆಸ್ ಬಳಸುವ ಎನ್‌ವಿಎಂಇ 3.0 ಆದರೆ 3,500 ಹತ್ತಿರ, 4.0 ಆದರೆ 7,000 ತನಕ. ಅಂಕಿ ನೋಡಿದರೆ ದೊಡ್ಡ ಜಿಗಿತ. ಆದರೆ ವಿಂಡೋಸ್ ಏಳುವುದರಲ್ಲಿ, ಬ್ರೌಸರ್ ತೆರೆಯುವುದರಲ್ಲಿ 3.0ಕ್ಕೂ 4.0ಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. ಹಾರ್ಡ್ ಡಿಸ್ಕ್‌ನಿಂದ ಯಾವುದೋ ಒಂದು ಎಸ್‌ಎಸ್‌ಡಿಗೆ ಬರುವುದೇ ನಿಜವಾದ ಜಿಗಿತ. ನಾನು ಕೊಂಡದ್ದು 3.0ದ 500 ಜಿಬಿ. ಕೇಳಬೇಕಾದ ಪ್ರಶ್ನೆ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅನ್ನುವುದು. ಒಂದು ಕೋಶದಲ್ಲಿ ಟಿಎಲ್‌ಸಿ ಮೂರು ಬಿಟ್, ಕ್ಯೂಎಲ್‌ಸಿ ನಾಲ್ಕು ಬಿಟ್ ತುಂಬುತ್ತದೆ. ಕ್ಯೂಎಲ್‌ಸಿ ಅಗ್ಗ. ಚಿಕ್ಕಪುಟ್ಟ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಆದರೆ ಒಂದೇ ಸಲ ನೂರಾರು ಜಿಬಿ ವಿಡಿಯೋ ಸುರಿದರೆ ಅದರ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿ, ವೇಗ ಹಾರ್ಡ್ ಡಿಸ್ಕ್ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಬೀಳುತ್ತದೆ. ವಿಡಿಯೋ ಕೆಲಸ ಇರುವ ನನಗೆ ಟಿಎಲ್‌ಸಿಯೇ ಬೇಕಿತ್ತು. ಡಿರ‍್ಯಾಮ್ (ಎಸ್‌ಎಸ್‌ಡಿಯದೇ ಚಿಕ್ಕ ಮೆಮೊರಿ) ಇಲ್ಲದ್ದು ಆದರೂ ಪರವಾಗಿಲ್ಲ, ಎನ್‌ವಿಎಂಇಯಲ್ಲಿ ಅದು ಕಂಪ್ಯೂಟರ್‌ನ ರ‍್ಯಾಮ್‌ನಲ್ಲೇ ಒಂದು ಚೂರು ಎರವಲು ಪಡೆದು ಕೆಲಸ ತೂಗಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಬ್ಯಾಕಪ್‌ಗೆ ಉಳಿಯಿತು.

ಕೂಲರ್ ಪ್ರೊಸೆಸರ್ ಜೊತೆ ಡಬ್ಬದಲ್ಲೇ ಬರುತ್ತದೆ, ಅದೇ ಸಾಕು. ಆದರೆ ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್ ಕೊಂಡರೆ ಕೂಲರ್ ಇರುವುದಿಲ್ಲ. ಅಲ್ಲಿ ಉಳಿಸಿದ್ದು ಇಲ್ಲಿ ಖರ್ಚು.

ಕ್ಯಾಬಿನೆಟ್ ಹಳೆಯದನ್ನೇ ಇಟ್ಟುಕೊಳ್ಳಬಹುದಾ ಅಂತ ಅಳತೆ ಮಾಡಿ ನೋಡಿದೆ. ಎಟಿಎಕ್ಸ್ ಅಳತೆ 1995ರಲ್ಲಿ ಇಂಟೆಲ್ ತಂದದ್ದು. ಅದರ ಸ್ಕ್ರೂ ತೂತುಗಳ ಜಾಗ ಇವತ್ತಿಗೂ ಬದಲಾಗಿಲ್ಲ. ಮೈಕ್ರೋ ಎಟಿಎಕ್ಸ್ ಬೋರ್ಡ್, ಅಂದರೆ 244 ಮಿಲಿಮೀಟರ್ ಚೌಕ, ಹಳೆಯ ಕ್ಯಾಬಿನೆಟ್‌ಗೆ ಸಲೀಸಾಗಿ ಕೂರುತ್ತಿತ್ತು. ಆದರೆ ಅದರ ಮುಂಭಾಗ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್. ಗಾಳಿ ಒಳಗೆ ಬರಲು ಇದ್ದದ್ದು ಕೆಳಗೊಂದು ಸಂದು. ಒಳಗಿನ ಗ್ರಾಫಿಕ್ಸ್‌ಗೆ ಅದು ಸಾಕಾಗುತ್ತಿತ್ತು, ಕಾರ್ಡ್ ಬಂದ ಮೇಲೆ ಒಲೆ ಆಗುತ್ತಿತ್ತು. ಮುಂದೆ ಜಾಲರಿ ಇರುವ, 120 ಮಿಲಿಮೀಟರ್‌ನ ಎರಡು ಫ್ಯಾನ್ ಜೊತೆಗೇ ಬರುವ ಸಾದಾ ಪೆಟ್ಟಿಗೆ ಆರಿಸಿದೆ. ಮುಂದೆಯೂ ಗಾಜು, ಪಕ್ಕದಲ್ಲೂ ಗಾಜು, ಏಳು ಬಣ್ಣದ ದೀಪ ಇರುವ ಪೆಟ್ಟಿಗೆಗಳು ನೋಡಲು ಚೆಂದ. ಗಾಜಿನೊಳಗಿಂದ ಗಾಳಿ ಬರುವುದಿಲ್ಲ. ಮಗನಿಗೆ ದೀಪ ಬೇಕಿತ್ತು. ‘ಅಪ್ಪಾ, ಒಂದಾದ್ರೂ?’ ಅಂದ. ‘ಬೋರ್ಡ್‌ನಲ್ಲಿ ಒಂದು ಹತ್ತುತ್ತೆ, ಅದನ್ನೇ ನೋಡು’ ಅಂದೆ.

ಜೋಡಣೆಯ ಬಗ್ಗೆ ಹೇಳುವುದು ಕಡಿಮೆ, ಅದು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. ಒಂದೇ ಒಂದು ಕ್ಷಣ ಮಾತ್ರ ಎದೆ ಡವಡವ ಅಂದದ್ದು. ಎಲ್‌ಜಿಎ ಸಾಕೆಟ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿ ಅಲ್ಲ, ಬೋರ್ಡ್‌ನಲ್ಲೇ ಇರುತ್ತವೆ. ಕೂದಲಿಗಿಂತ ಕೊಂಚ ದಪ್ಪ, ಸಾವಿರದ ಏಳುನೂರು. ಪ್ರೊಸೆಸರ್ ಅಂಚಿನ ಕಚ್ಚನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಒತ್ತದೆ ಸುಮ್ನೆ ಇಳಿಯಬಿಡಬೇಕು. ಆಮೇಲೆ ಲೋಹದ ಚೌಕಟ್ಟು ಮುಚ್ಚಿ ಪಕ್ಕದ ಸಲಾಕೆ ಕೆಳಕ್ಕೆ ಎಳೆಯಬೇಕು. ಅದಕ್ಕೆ ಬೇಕಾಗುವ ಬಲ ನೋಡಿದರೆ ಏನೋ ಮುರಿದೇ ಹೋಯಿತು ಅನ್ನಿಸುತ್ತದೆ. ಕರಕರ ಶಬ್ದ ಬೇರೆ. ಅರ್ಧ ಎಳೆಯುವಷ್ಟರಲ್ಲಿ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಹಾರಿ ಬಿತ್ತು. ಅದು ಹಾಗೆ ಹಾರಬೇಕಾದದ್ದೇ. ಆ ಮುಚ್ಚಳ ಎಸೆಯಬಾರದು. ಬೋರ್ಡ್ ವಾರಂಟಿಗೆ ಕಳಿಸುವಾಗ ಸಾಕೆಟ್ ಮೇಲೆ ಅದು ಇರಬೇಕು ಅನ್ನುತ್ತಾರೆ.

ರ‍್ಯಾಮ್ ಎರಡನ್ನು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿದೆ. ಮೊದಲ ಎರಡರಲ್ಲೇ ಹಾಕಿದರೂ ಕಂಪ್ಯೂಟರ್ ಏಳುತ್ತದೆ, ಯಾರೂ ದೂರುವುದಿಲ್ಲ. ಆದರೆ ಆಗ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ದಾರಿಯಲ್ಲಿ ಓಡುತ್ತದೆ. 2400 ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 19.2 ಜಿಬಿ ಸಾಗಿಸಿದರೆ ಎರಡರಲ್ಲಿ 38.4. ಪುಕ್ಕಟೆ ಸಿಗುವ ಈ ದುಪ್ಪಟ್ಟನ್ನು ಬಿಡುವುದುಂಟೇ? ಹೊಸ ರ‍್ಯಾಮ್ ಕೊಂಡವರು ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ಬರೆದಿರುವ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡಬೇಕು. ಇಲ್ಲದಿದ್ದರೆ 3200 ಅಂತ ಬರೆದಿರುವುದೂ ಹೆಚ್ಚಿನ ಸಂದರ್ಭದಲ್ಲಿ ಅದಕ್ಕಿಂತ ಕೆಳಗಿನ ವೇಗದಲ್ಲೇ ಓಡುತ್ತಿರುತ್ತದೆ. ನನ್ನ ಹಳೆಯವಕ್ಕೆ ಆ ಭಾಗ್ಯ ಇಲ್ಲ.

ಕಾರ್ಡ್ ಇಲ್ಲದೆ ಕೆಲವು ತಿಂಗಳು ನಡೆಯಿತು. ಆಫೀಸ್ ಕೆಲಸ, ವಿಡಿಯೋ ಎರಡಕ್ಕೂ ಏನೂ ಕೊರತೆ ಆಗಲಿಲ್ಲ. ಕ್ವಿಕ್ ಸಿಂಕ್ ಬಗ್ಗೆ ಓದಿದ್ದು ನಿಜವೇ ಆಯಿತು. ಹಳೆಯ ಕಂಪ್ಯೂಟರ್‌ನಲ್ಲಿ ಎಳೆದಲ್ಲೆಲ್ಲ ತಡವರಿಸುತ್ತಿದ್ದ ಫೋನ್ ವಿಡಿಯೋ ಇಲ್ಲಿ ಬೆರಳು ಹೋದ ಕಡೆಗೆ ಬರುತ್ತಿತ್ತು. ಮಗನ ಆಟ ಮಾತ್ರ ಕುಂಟುತ್ತಾ ಸಾಗಿತ್ತು. ಆಗ ಕಾರ್ಡ್ ಹುಡುಕಲು ಕೂತೆ.

ಕಾರ್ಡ್‌ಗಳಲ್ಲಿ ಒಂದೇ ಹೆಸರಿಗೆ ಎರಡು ಮಾಲು ಮಾರುವ ಚಾಳಿ ಇದೆ. ಎನ್‌ವಿಡಿಯಾದ ಜಿಟಿ 1030 ನೋಡಿ. ಜಿಡಿಡಿಆರ್5 ಇರುವುದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿ ಮಾರಿದ್ದು 16.8. ಮೂರರಲ್ಲಿ ಒಂದು ಪಾಲು! ಡಬ್ಬದ ಮೂಲೆಯಲ್ಲಿರುವ ಒಂದು ಚಿಕ್ಕ ಸಾಲು ಬಿಟ್ಟರೆ ಗುರುತೇ ಸಿಗುವುದಿಲ್ಲ. ಆರ್‌ಟಿಎಕ್ಸ್ 3050ಯೂ ಹಾಗೆಯೇ. 8 ಜಿಬಿಯದ್ದಕ್ಕೂ 6 ಜಿಬಿಯದ್ದಕ್ಕೂ ವ್ಯತ್ಯಾಸ ಬರೀ ಮೆಮೊರಿಯಲ್ಲಿ ಇಲ್ಲ. 6 ಜಿಬಿಯದ್ದರಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿ ದಾರಿಯೂ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಅದರ ಪರವಾಗಿ ಹೇಳಬೇಕಾದ ಒಂದು ಮಾತೆಂದರೆ, ಅದು 70 ವ್ಯಾಟ್‌ನಲ್ಲಿ ನಡೆಯುತ್ತದೆ. ಸ್ಲಾಟ್ ಒಂದೇ 75 ವ್ಯಾಟ್ ಕೊಡುವುದರಿಂದ ಬೇರೆ ಕೇಬಲ್ ಬೇಡ. ಪವರ್ ಸಪ್ಲೈ ಬದಲಾಯಿಸಲು ಆಗದ ಹಳೆಯ ಕಂಪ್ಯೂಟರ್‌ಗಳಿಗೆ ಅದೊಂದು ದಾರಿ.

ಇನ್ನು ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ. ಅಗ್ಗ ಅಂತ ಕಣ್ಣಿಗೆ ಬೀಳುತ್ತದೆ. ಆದರೆ 4 ಜಿಬಿ ಮೆಮೊರಿ, ಬೋರ್ಡ್ ಜೊತೆ ಮಾತಾಡಲು ನಾಲ್ಕೇ ಲೇನ್. 4.0 ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ. 3.0 ಬೋರ್ಡ್‌ಗೆ ಅಥವಾ 5600ಜಿ ಜೊತೆಗೆ ಹಾಕಿದರೆ ಆ ನಾಲ್ಕು ಲೇನ್‌ನ ವೇಗವೂ ಅರ್ಧ. 4 ಜಿಬಿ ತುಂಬಿದ ಕೂಡಲೇ ಆಟ ಜಗ್ಗುತ್ತದೆ. ಪ್ರೊಸೆಸರ್ ಆರಿಸುವಾಗ 3.0 ತೊಡಕು ಅಂದದ್ದು ಇದಕ್ಕೇ. ಸಾಲದ್ದಕ್ಕೆ ಇದರಲ್ಲಿ ವಿಡಿಯೋ ಕಟ್ಟುವ ಎನ್‌ಕೋಡರೇ ಇಲ್ಲ.

ಇಂಟೆಲ್‌ನ ಆರ್ಕ್ ಬಿ580 ಕೂಡ ಪಟ್ಟಿಯಲ್ಲಿ ಇತ್ತು. 12 ಜಿಬಿ ಮೆಮೊರಿ ಆಸೆ ಹುಟ್ಟಿಸಿತು. ಆದರೆ 190 ವ್ಯಾಟ್, ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿಯನ್ನು ಒಮ್ಮೆಗೇ ಮುಟ್ಟುವ ಸೌಲಭ್ಯ) ಆನ್ ಇರಲೇಬೇಕು, ನಡು ದರ್ಜೆಯ ಪ್ರೊಸೆಸರ್ ಜೊತೆ ಅದರ ಡ್ರೈವರ್ ಪ್ರೊಸೆಸರನ್ನೇ ಜಾಸ್ತಿ ದುಡಿಸುತ್ತದೆ. 1080ಪಿ ಮಾನಿಟರ್‌ಗೆ ಅಷ್ಟೆಲ್ಲ ಬೇಕಿರಲಿಲ್ಲ. ಕೊನೆಗೆ ಆರ್‌ಎಕ್ಸ್ 6600 ಅಂತಾಯಿತು. 8 ಜಿಬಿ, ಎಂಟು ಲೇನ್, 132 ವ್ಯಾಟ್, ಒಂದೇ ಎಂಟು ಪಿನ್ ಕೇಬಲ್. ಸೆಕೆಂಡ್ ಹ್ಯಾಂಡ್.

‘ಮೈನಿಂಗ್‌ನಲ್ಲಿ ಅರೆದ ಕಾರ್ಡ್ ಸಿಕ್ಕಿಬಿಟ್ರೆ?’ ಅಂದ ಭಾಮೈದ.

ಕಾರ್ಡ್‌ಗಳನ್ನು ಓಡಿಸಿ ಎಥೀರಿಯಂ ಅನ್ನುವ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ 2022ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು, ಆಗ ರಾಶಿ ರಾಶಿ ಕಾರ್ಡ್ ಮಾರುಕಟ್ಟೆಗೆ ಬಂದವು. ಅಲ್ಲಿಂದೀಚೆಗೂ ಬದುಕಿ ಓಡುತ್ತಿರುವ ಕಾರ್ಡ್ ಅಂದರೆ ನನಗೆ ದೊಡ್ಡ ಭಯ ಇಲ್ಲ. ಹಗಲು ರಾತ್ರಿ ಓಡಿದ ಕಾರ್ಡ್‌ನಲ್ಲಿ ಚಿಪ್‌ಗಿಂತ ಮೊದಲು ಸವೆಯುವುದು ಫ್ಯಾನ್ ಬೇರಿಂಗ್, ಒಣಗುವುದು ಥರ್ಮಲ್ ಪೇಸ್ಟ್. ಎರಡನ್ನೂ ಬದಲಾಯಿಸಬಹುದು. ನನ್ನ ಷರತ್ತು ಒಂದೇ ಇತ್ತು, ಕಣ್ಣೆದುರಿಗೆ ಓಡಿಸಿ ತೋರಿಸಬೇಕು. ಭಾಮೈದನನ್ನೂ ಕರೆದುಕೊಂಡು ಹೋಗಿದ್ದೆ. ಮೊದಲು ಕೈಯಲ್ಲಿ ಹಿಡಿದು ಫ್ಯಾನ್ ರೆಕ್ಕೆಗಳನ್ನು ಬೆರಳಿನಿಂದ ತಿರುಗಿಸಿದೆವು. ಎರಡೂ ಒಂದೇ ಸಮ ತಿರುಗಿದವು, ಅಲುಗಾಟ ಇರಲಿಲ್ಲ. ಸ್ಲಾಟ್‌ಗೆ ಹೋಗುವ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಸುಟ್ಟ ಕಲೆ ಇಲ್ಲ. ಆಮೇಲೆ ಅವರ ಕಂಪ್ಯೂಟರ್‌ನಲ್ಲೇ ಒಂದು ಭಾರದ ಪರೀಕ್ಷೆ ಹಚ್ಚಿ, ಪಕ್ಕದಲ್ಲಿ ಜಿಪಿಯು-ಝಡ್ ತೆರೆದಿಟ್ಟೆವು. ಅದರಲ್ಲಿ ಕಾರ್ಡ್‌ನ ನಿಜವಾದ ಹೆಸರು, ಮೆಮೊರಿ, ಲೇನ್ ಎಷ್ಟು ಅಂತ ಎಲ್ಲ ಕಾಣುತ್ತದೆ. ಹೆಸರು ತಿದ್ದಿದ ಕಳ್ಳ ಕಾರ್ಡ್ ಆದರೆ ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಭಾಮೈದ ನೋಡುತ್ತಿದ್ದದ್ದು ಇನ್ನೊಂದು ಅಂಕಿ. ಮಾಮೂಲಿ ಉಷ್ಣತೆಯ ಕೆಳಗೆ ಹಾಟ್ ಸ್ಪಾಟ್ ಅಂತ ಬರುತ್ತದಲ್ಲ, ಚಿಪ್‌ನ ಅತಿ ಬಿಸಿ ಜಾಗದ್ದು, ಅದು. ಎರಡರ ನಡುವೆ ಹದಿನೈದು ಇಪ್ಪತ್ತು ಡಿಗ್ರಿ ಅಂತರ ಸಹಜ. ಅದಕ್ಕಿಂತ ತುಂಬಾ ಜಾಸ್ತಿ ಆದರೆ ಪೇಸ್ಟ್ ಒಣಗಿದೆ ಅಥವಾ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ಇಲ್ಲಿ ಅಂತರ ಸಹಜವಾಗಿಯೇ ಇತ್ತು. ಅವನು ನನ್ನ ಕಡೆ ನೋಡಿ ತಲೆ ಆಡಿಸಿದ.

ಮನೆಗೆ ತಂದು ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೆ ಚುಚ್ಚಿದೆ. ಒಳಗಿನ ಗ್ರಾಫಿಕ್ಸನ್ನು ಬಯೋಸ್‌ನಲ್ಲಿ ಆಫ್ ಮಾಡದೆ ಆನ್ ಆಗಿಯೇ ಇಟ್ಟುಕೊಂಡೆ. ವಿಡಿಯೋ ಎಡಿಟರ್ ಈಗಲೂ ಕ್ವಿಕ್ ಸಿಂಕ್ ಬಳಸುತ್ತದೆ, ಆಟ ಕಾರ್ಡ್ ಬಳಸುತ್ತದೆ. ಎರಡೂ ಒಟ್ಟಿಗೆ ಇರಬಹುದು ಅನ್ನುವುದು ‘ಎಫ್’ ಇಲ್ಲದ ಪ್ರೊಸೆಸರ್ ಕೊಂಡದ್ದರ ಇನ್ನೊಂದು ಲಾಭ.

ಮಗನ ಆಟಗಳು ಈಗ 1080ಪಿಯಲ್ಲಿ ಸಲೀಸಾಗಿ ಓಡುತ್ತವೆ. ದೊಡ್ಡ ಆಟಗಳಲ್ಲಿ ಮಾತ್ರ ನಡುವೆ ಒಮ್ಮೊಮ್ಮೆ ತಡೆದಂತಾಗುತ್ತದೆ. ಅದು 2400 ರ‍್ಯಾಮ್‌ನ ಕೆಲಸ ಅಂತ ಭಾಮೈದನ ವಾದ, ನನಗೂ ಹಾಗೇ ಅನ್ನಿಸುತ್ತದೆ. 3200ರ 16 ಜಿಬಿ ಜೋಡಿಯ ಮೇಲೆ ಕಣ್ಣಿಟ್ಟಿದ್ದೇನೆ. ಬೆಲೆ ಇಳಿಯಲಿ, ನೋಡೋಣ.